ಗೆದ್ದ ಮರುದಿನವೇ ಮನೆಗೆ ಕಳಿಸಿದರು! ಮೀಸೆ ಮೇಷ್ಟ್ರ ಕಥೆ

ಒಂದು ಸನ್ನಿವೇಶ ಹೇಳ್ತೀನಿ, ಸ್ವಲ್ಪ ಊಹೆ ಮಾಡಿಕೊಳ್ಳಿ. ನೀವು ಒಂದು ಸಂಸ್ಥೆಯಲ್ಲಿ 35 ವರ್ಷ ದುಡಿದಿದ್ದೀರಿ. ಹುಡುಗನಾಗಿದ್ದಾಗ ಸೇರಿದ್ದು. ಸಂಸ್ಥೆ ಕೇಳಿದ ಕೆಲಸವನ್ನೆಲ್ಲ ಮಾಡಿದ್ದೀರಿ. ಕೊನೆಗೆ ನಿಮ್ಮನ್ನೇ ಮೇಲಿನ ಕುರ್ಚಿಯಲ್ಲಿ ಕೂರಿಸಿದರು. ಮೂರೂವರೆ ವರ್ಷದಲ್ಲಿ ನೀವು ಏಳು ದೊಡ್ಡ ಟ್ರೋಫಿ ತಂದುಕೊಟ್ಟಿರಿ. ಏಳನೆಯದನ್ನು ಗೆದ್ದ ರಾತ್ರಿ ಇಡೀ ಊರು ಬೀದಿಗಿಳಿದು ಕುಣಿಯಿತು. ಮರುದಿನ ಕರೆದು ಹೇಳಿದರು: ನಿಮ್ಮ ಒಪ್ಪಂದ ನವೀಕರಣ ಮಾಡ್ತಿಲ್ಲ, ಹೋಗಿಬನ್ನಿ.

ಇದು ಸಿನಿಮಾ ಕಥೆ ಅಲ್ಲ. 2003ರ ಜೂನ್ 22, ಭಾನುವಾರ. ಸ್ಪೇನ್ ರಾಜಧಾನಿ ಮ್ಯಾಡ್ರಿಡ್‌ನ ಬೆರ್ನಬೇವು ಕ್ರೀಡಾಂಗಣ. ರಿಯಲ್ ಮ್ಯಾಡ್ರಿಡ್ ತಂಡ ಅಥ್ಲೆಟಿಕ್ ಬಿಲ್ಬಾವೊ ವಿರುದ್ಧ 3-1ರಿಂದ ಗೆದ್ದು ತನ್ನ 29ನೇ ಲೀಗ್ ಪ್ರಶಸ್ತಿ ಎತ್ತಿಕೊಂಡಿತು. ಮರುದಿನ, ಜೂನ್ 23ರಂದು, ತಂಡದ ತರಬೇತುದಾರ ವಿಸೆಂಟೆ ಡೆಲ್ ಬೋಸ್ಕೆ ಅವರಿಗೆ ಕ್ಲಬ್ ವಿದಾಯ ಹೇಳಿತು. ಅವರ ಜೊತೆಗೇ ನಾಯಕ ಫೆರ್ನಾಂಡೊ ಇಯೆರೊಗೂ ಬಾಗಿಲು ತೋರಿಸಲಾಯಿತು.

ಯಾಕೆ? ಕ್ಲಬ್‌ನ ಅಧ್ಯಕ್ಷ ಫ್ಲೊರೆಂಟಿನೊ ಪೆರೆಸ್ ಕೊಟ್ಟ ಕಾರಣ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಡೆಲ್ ಬೋಸ್ಕೆ ಸ್ವಲ್ಪ ಹಳೇ ಕಾಲದವರು, ನಮಗೆ ಆಧುನಿಕ ತಂತ್ರ ಗೊತ್ತಿರುವ, ದೈಹಿಕ ಸಿದ್ಧತೆಯ ಕಡೆ ಹೆಚ್ಚು ಗಮನ ಕೊಡುವ ತರಬೇತುದಾರ ಬೇಕು ಅನ್ನೋದು ಅವರ ಮಾತಿನ ಸಾರಾಂಶ. ಮೂರೂವರೆ ವರ್ಷದಲ್ಲಿ ಎರಡು ಚಾಂಪಿಯನ್ಸ್ ಲೀಗ್, ಎರಡು ಸ್ಪ್ಯಾನಿಷ್ ಲೀಗ್ ಗೆದ್ದವರು ಹಳೇ ಕಾಲದವರಂತೆ!

ಈ ಮನುಷ್ಯನ ಫೋಟೋ ನೋಡಿದರೆ ಪೆರೆಸ್ ಮಾತು ಯಾಕೆ ಬಂತು ಅಂತ ಒಂದಿಷ್ಟು ಅರ್ಥ ಆಗುತ್ತೆ. ದಪ್ಪ ಮೀಸೆ, ಬೋಳು ತಲೆ, ಜೋಲು ಮುಖ, ಹೊಟ್ಟೆ ಸ್ವಲ್ಪ ಮುಂದೆ. ನಮ್ಮೂರಿನ ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರ ಥರ. ಗೋಲ್ ಬಿದ್ದರೂ ಮುಖದಲ್ಲಿ ಬದಲಾವಣೆ ಇಲ್ಲ, ಸೋತರೂ ಇಲ್ಲ. ಪತ್ರಿಕಾಗೋಷ್ಠಿಯಲ್ಲಿ ಒಂದು ಹೆಡ್‌ಲೈನ್ ಸಿಗೋ ಮಾತು ಆಡಲ್ಲ. ನಮ್ಮ ಟಿವಿಯವರ ಲೆಕ್ಕದಲ್ಲಿ ಹೇಳೋದಾದರೆ, ಈ ಮನುಷ್ಯನಿಂದ ಟಿಆರ್‌ಪಿ ಬರಲ್ಲ. ನಾನು ದಿನಾ ರಾತ್ರಿ ಕೂಗಾಡುವವರ ನಡುವೆ ಕೂತು ಸಂಬಳ ಎಣಿಸುವವನು. ಬಹುಶಃ ಅದಕ್ಕೇ ನನಗೆ ಈ ಮನುಷ್ಯನ ಮೇಲೆ ಒಂದು ವಿಚಿತ್ರ ಆಕರ್ಷಣೆ.

ಅವರ ಕಥೆ ಎಲ್ಲಿಂದ ಶುರು ಅಂತ ನೋಡೋಣ.

ಡೆಲ್ ಬೋಸ್ಕೆ ಹುಟ್ಟಿದ್ದು 1950ರ ಡಿಸೆಂಬರ್ 23ರಂದು, ಸಾಲಮಾಂಕ ಊರಿನಲ್ಲಿ. ಮ್ಯಾಡ್ರಿಡ್‌ನಿಂದ ವಾಯವ್ಯಕ್ಕೆ, ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಒಂದನ್ನು ಇಟ್ಟುಕೊಂಡಿರುವ ಊರು ಅದು. 1936ರಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ ಶುರುವಾದಾಗ ಜನರಲ್ ಫ್ರಾಂಕೊ ಮೊದಮೊದಲು ತನ್ನ ಠಿಕಾಣಿ ಹಾಕಿದ್ದು ಇದೇ ಸಾಲಮಾಂಕದಲ್ಲಿ. ಒಂದು ಕಡೆ ಚುನಾಯಿತ ಗಣರಾಜ್ಯ ಸರ್ಕಾರ, ಇನ್ನೊಂದು ಕಡೆ ಫ್ರಾಂಕೊನ ಸೇನೆ. ಮೂರು ವರ್ಷದ ರಕ್ತಪಾತದ ನಂತರ 1939ರಲ್ಲಿ ಫ್ರಾಂಕೊ ಗೆದ್ದ. 1975ರ ನವೆಂಬರ್ 20ರಂದು ಸಾಯುವವರೆಗೂ ಆತನದೇ ಆಳ್ವಿಕೆ.

ಡೆಲ್ ಬೋಸ್ಕೆ ಅವರ ತಂದೆ ರೈಲ್ವೆ ನೌಕರ. ಎಡಪಂಥದವರು, ಗಣರಾಜ್ಯದ ಕಡೆಯವರು. ಅದೇ ಕಾರಣಕ್ಕೆ ಫ್ರಾಂಕೊ ಕಡೆಯವರ ಸೆರೆಯಲ್ಲಿ ಇದ್ದು ಬಂದವರು. ಇಂಥ ಮನೆಯಲ್ಲಿ ಮಗು ಹೇಗೆ ಬೆಳೆಯುತ್ತೆ ಹೇಳಿ. ಜೋರಾಗಿ ಮಾತಾಡಬೇಡ, ಹೊರಗೆ ರಾಜಕೀಯ ಎತ್ತಬೇಡ, ತಲೆ ತಗ್ಗಿಸಿ ಕೆಲಸ ಮಾಡು. ಸೋತ ಪಕ್ಷದವರ ಮನೆಗಳಲ್ಲೆಲ್ಲ ಇದೇ ಪಾಠ. ಮುಂದೆ ಜಗತ್ತೇ ಮೆಚ್ಚಿದ ಆ ಶಾಂತ ಸ್ವಭಾವದ ಬೇರು ಇಲ್ಲೇ ಇದೆ ಅನ್ನೋದು ನನ್ನ ಅನಿಸಿಕೆ. ತಪ್ಪಿದ್ದರೂ ಇರಬಹುದು.

17ನೇ ವಯಸ್ಸಿಗೆ, 1968ರಲ್ಲಿ, ಈ ಹುಡುಗ ರಿಯಲ್ ಮ್ಯಾಡ್ರಿಡ್‌ ಸೇರಿದ. ಫ್ರಾಂಕೊನ ಸ್ಪೇನ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಅಂದರೆ ಸರ್ಕಾರದ ತಂಡ, ಬಾರ್ಸಿಲೋನಾ ಅಂದರೆ ಕ್ಯಾಟಲನ್ನರ ಸಿಟ್ಟಿನ ತಂಡ ಅನ್ನೋದು ಜನರ ಮನಸ್ಸಿನಲ್ಲಿ ಕೂತಿದ್ದ ಚಿತ್ರ. ಆ ಚಿತ್ರ ಎಷ್ಟು ನಿಜ ಅಂತ ಇತಿಹಾಸಕಾರರು ಇವತ್ತಿಗೂ ಕಿತ್ತಾಡ್ತಾರೆ. ಏನೇ ಇರಲಿ, ಸೆರೆಮನೆ ಕಂಡ ಗಣರಾಜ್ಯವಾದಿಯ ಮಗ ಹೋಗಿ ಸೇರಿದ್ದು ರಾಜಧಾನಿಯ ತಂಡಕ್ಕೆ.

ಆಟಗಾರನಾಗಿ ಅವರು ಮಿಡ್‌ಫೀಲ್ಡರ್. ಓಟ ನಿಧಾನ, ತಲೆ ಚುರುಕು. ಮೊದಲು ಕಾಸ್ಟೆಲ್ಲೊನ್, ಕಾರ್ಡೊಬಾ ತಂಡಗಳಿಗೆ ಎರವಲು ಹೋಗಿ ಬಂದು, 1973ರಿಂದ 1984ರವರೆಗೆ ಮ್ಯಾಡ್ರಿಡ್ ಪರ ಆಡಿದರು. ಐದು ಲೀಗ್, ನಾಲ್ಕು ಕಪ್. ಸ್ಪೇನ್ ಪರ 18 ಪಂದ್ಯ. 1981ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ಎದುರು ಸೋತ ತಂಡದಲ್ಲಿ ಅವರಿದ್ದರು. ಫ್ರಾಂಕೊ ಸತ್ತ ಮೇಲೆ ಸ್ಪೇನ್‌ನಲ್ಲಿ ಆಟಗಾರರು ತಮ್ಮದೇ ಸಂಘ ಕಟ್ಟಿಕೊಂಡಾಗ ಅದರಲ್ಲೂ ಮುಂದೆ ನಿಂತರು. ಅಪ್ಪನ ರಕ್ತ ಅಲ್ಲವೇ!

ಆಟ ಬಿಟ್ಟ ಮೇಲೆ ಏನು ಮಾಡಿದರು? ಇದು ಮುಖ್ಯ. ದೊಡ್ಡ ಆಟಗಾರರು ನಿವೃತ್ತರಾದರೆ ಕಾಮೆಂಟರಿ, ಜಾಹೀರಾತು ಅಂತ ಹೋಗ್ತಾರೆ. ಇವರು ಹೋಗಿದ್ದು ಮ್ಯಾಡ್ರಿಡ್‌ನ ಕಿರಿಯರ ಅಕಾಡೆಮಿಗೆ. ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳ ಆಟ ನೋಡೋದು, ಯಾರು ಮುಂದೆ ಬರ್ತಾರೆ ಅಂತ ಗುರುತು ಹಾಕೋದು. ಸುಮಾರು 15 ವರ್ಷ ಅದೇ ಕೆಲಸ! ಈ ನಡುವೆ ಹಿರಿಯ ತಂಡದ ಕೋಚ್‌ನ ಕಿತ್ತು ಹಾಕಿದಾಗ 1994ರಲ್ಲಿ ಕೆಲವು ವಾರ, 1996ರಲ್ಲಿ ಒಂದೇ ಒಂದು ಪಂದ್ಯಕ್ಕೆ ಇವರನ್ನು ಕರೆದು ನಿಲ್ಲಿಸಿದರು. ಹೊಸಬ ಬಂದ ಕೂಡಲೇ ಇವರು ಮತ್ತೆ ಮಕ್ಕಳ ಹತ್ತಿರ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ‘ಪ್ರಭಾರ’ ಅಂತಾರಲ್ಲ, ಥೇಟ್ ಅದೇ.

1999ರ ನವೆಂಬರ್‌ನಲ್ಲಿ ಜಾನ್ ತೋಶಾಕ್ ಕೆಲಸ ಕಳೆದುಕೊಂಡರು. ಮತ್ತೆ ಪ್ರಭಾರಕ್ಕೆ ಅದೇ ಮೇಷ್ಟ್ರು. ಲೀಗ್‌ನಲ್ಲಿ ತಂಡ ಕುಂಟುತ್ತಿತ್ತು, ಕೊನೆಗೆ ಮುಗಿಸಿದ್ದು ಐದನೇ ಸ್ಥಾನದಲ್ಲಿ. ಆದರೆ ಯುರೋಪಿನಲ್ಲಿ? ಹಾಲಿ ಚಾಂಪಿಯನ್ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಅದರ ಸ್ವಂತ ಅಂಗಳದಲ್ಲೇ 3-2ರಿಂದ ಕೆಡವಿದರು. ಮಿಡ್‌ಫೀಲ್ಡರ್ ಆಗಿದ್ದ ಇವಾನ್ ಎಲ್ಗೆರಾನನ್ನು ಹಿಂದಕ್ಕೆ ಎಳೆದು ಮೂವರು ಡಿಫೆಂಡರ್‌ಗಳ ಗೋಡೆ ಕಟ್ಟಿದ್ದರು. ‘ತಂತ್ರ ಗೊತ್ತಿಲ್ಲದ’ ಮನುಷ್ಯ ಮಾಡಿದ ಕೆಲಸ ಇದು, ನೆನಪಿಟ್ಟುಕೊಳ್ಳಿ. ಸೆಮಿಫೈನಲ್‌ನಲ್ಲಿ ಬಯೆರ್ನ್ ಮ್ಯೂನಿಕ್ ಮನೆಗೆ ಹೋಯಿತು. 2000ದ ಮೇ 24, ಪ್ಯಾರಿಸ್. ಫೈನಲ್‌ನಲ್ಲಿ ವ್ಯಾಲೆನ್ಸಿಯಾ ವಿರುದ್ಧ 3-0. ಒಂದೇ ದೇಶದ ಎರಡು ತಂಡ ಆ ಫೈನಲ್ ಆಡಿದ್ದು ಅದೇ ಮೊದಲು.

ಕಪ್ ಬಂತು, ಪ್ರಭಾರದ ಹಣೆಪಟ್ಟಿ ಹೋಯ್ತು. ಅಷ್ಟರಲ್ಲಿ ಅಧ್ಯಕ್ಷರೇ ಬದಲಾದರು!

2000ದ ಜುಲೈನಲ್ಲಿ ಕ್ಲಬ್ ಚುನಾವಣೆ. ಯುರೋಪ್ ಕಪ್ ತಂದುಕೊಟ್ಟ ಲೊರೆನ್ಸೊ ಸಾನ್ಸ್ ಸೋತರು. ಗೆದ್ದವರು ಕಟ್ಟಡ, ರಸ್ತೆ ಗುತ್ತಿಗೆಯ ದೊಡ್ಡ ಉದ್ಯಮಿ ಫ್ಲೊರೆಂಟಿನೊ ಪೆರೆಸ್. ಇವರೂ ಸಿವಿಲ್ ಎಂಜಿನಿಯರ್, ನಮ್ಮ ಜಾತಿ! ಅವರು ಗೆದ್ದದ್ದೇ ಒಂದು ಭರವಸೆಯ ಮೇಲೆ. ಬದ್ಧವೈರಿ ಬಾರ್ಸಿಲೋನಾದ ಲೂಯಿಸ್ ಫಿಗೊನನ್ನು ಎತ್ತಿಕೊಂಡು ಬರ್ತೀನಿ ಅಂದರು, ತಂದೇ ಬಿಟ್ಟರು. 2001ರಲ್ಲಿ ಜಿನದಿನ್ ಜಿದಾನ್. 2002ರಲ್ಲಿ ಬ್ರೆಜಿಲ್‌ನ ರೊನಾಲ್ಡೊ. ವರ್ಷಕ್ಕೊಂದು ನಕ್ಷತ್ರ. ಪತ್ರಿಕೆಗಳು ಕೊಟ್ಟ ಹೆಸರು ‘ಗಲಾಕ್ಟಿಕೊ’, ಅಂದರೆ ನಕ್ಷತ್ರ ಮಂಡಲದವರು.

ಜೆರ್ಸಿ ಮಾರಾಟ, ಟಿವಿ ಹಕ್ಕು, ಏಷ್ಯಾ ಪ್ರವಾಸ. ಎಲ್ಲ ಲೆಕ್ಕ ಹಾಕಿದ ವ್ಯಾಪಾರ. ಅದರಲ್ಲಿ ತಪ್ಪಿಲ್ಲ ಬಿಡಿ. ಆದರೆ ಇಷ್ಟು ದೊಡ್ಡ ಅಹಂಕಾರಗಳನ್ನೆಲ್ಲ ಒಂದೇ ಡ್ರೆಸಿಂಗ್ ರೂಮಿನಲ್ಲಿ ಕೂರಿಸಿ ಆಡಿಸೋದು ಯಾರು? ಮೇಷ್ಟ್ರು. ಅವರು ಮಾಡಿದ್ದು ಇಷ್ಟೇ. ಯಾರ ಮೇಲೂ ಕೂಗಲಿಲ್ಲ. ಜಿದಾನ್‌ಗೆ ಹೇಗೆ ಆಡಬೇಕು ಅಂತ ಪಾಠ ಮಾಡೋಕೆ ಹೋಗಲಿಲ್ಲ. ಜಿದಾನ್ ಆಡುವಾಗ ಹಿಂದೆ ಬೀಳುವ ಖಾಲಿ ಜಾಗ ಯಾರು ತುಂಬಬೇಕು ಅಂತ ಮಾತ್ರ ನೋಡಿಕೊಂಡರು.

ಆ ಜಾಗ ತುಂಬುತ್ತಿದ್ದವನ ಹೆಸರು ಕ್ಲಾಡ್ ಮಕೆಲೆಲೆ. ಫ್ರಾನ್ಸ್‌ನ ಆಟಗಾರ, ಗಿಡ್ಡ ಆಳು. ಗೋಲ್ ಹೊಡೆಯಲ್ಲ, ಉದ್ದ ಪಾಸ್ ಕೊಡಲ್ಲ. ಎದುರಾಳಿ ಕಾಲಿಂದ ಚೆಂಡು ಕಿತ್ತು, ಪಕ್ಕದಲ್ಲಿರುವ ನಕ್ಷತ್ರಕ್ಕೆ ಕೊಟ್ಟು ಸುಮ್ಮನಾಗುತ್ತಾನೆ. ನಾನು ಎಂಜಿನಿಯರಿಂಗ್ ಓದಿದವನು, ನನಗೆ ಇದು ಬೇಗ ತಲೆಗೆ ಹೋಗುತ್ತೆ. ಯಂತ್ರದಲ್ಲಿ ಬೇರಿಂಗ್ ಅಂತ ಇರುತ್ತೆ. ಅದು ಯಾರ ಕಣ್ಣಿಗೂ ಬೀಳಲ್ಲ, ಶೋರೂಮಿನಲ್ಲಿ ಯಾರೂ ಬೇರಿಂಗ್ ನೋಡಿ ಗಾಡಿ ಕೊಳ್ಳಲ್ಲ. ಅದು ಹೋದ ದಿನ ಮಾತ್ರ ಗೊತ್ತಾಗುತ್ತೆ, ಗಾಡಿ ನಡು ರಸ್ತೆಯಲ್ಲಿ ಕಿರ್ ಅಂತ ನಿಂತಾಗ.

2001ರ ಲೀಗ್ ಬಂತು. 2002 ಕ್ಲಬ್‌ನ ನೂರನೇ ವರ್ಷ. ಹುಟ್ಟುಹಬ್ಬದ ದಿನವೇ, ಮಾರ್ಚ್ 6ಕ್ಕೆ, ಸ್ವಂತ ಅಂಗಳದಲ್ಲೇ ಸ್ಪ್ಯಾನಿಷ್ ಕಪ್ ಫೈನಲ್ ಇಟ್ಟುಕೊಂಡರು. ಕೇಕ್ ಕತ್ತರಿಸೋಕೆ ಎಲ್ಲ ರೆಡಿ. ಡೆಪೊರ್ಟಿವೊ ಲಾ ಕೊರುನ್ಯಾ ತಂಡ ಬಂದು 2-1ರಿಂದ ಗೆದ್ದು ಹೋಯಿತು! ಆ ಅವಮಾನ ಎರಡು ತಿಂಗಳಲ್ಲಿ ತೊಳೆದು ಹೋಯಿತು. ಮೇ 15, ಗ್ಲಾಸ್ಗೊ. ಬೇಯರ್ ಲೆವರ್‌ಕುಸೆನ್ ಎದುರಿನ ಫೈನಲ್. ಆಕಾಶದಿಂದ ಇಳಿದ ಚೆಂಡನ್ನು ಜಿದಾನ್ ಎಡಗಾಲಲ್ಲಿ ಗಾಳಿಯಲ್ಲೇ ಬಾರಿಸಿದ ಆ ಗೋಲ್ ಯೂಟ್ಯೂಬಿನಲ್ಲಿ ನೀವು ನೋಡೇ ಇರ್ತೀರಿ. ನೋಡಿಲ್ಲ ಅಂದರೆ ಈ ಪುಟ ಮುಗಿಸಿ ನೋಡಿ. 2-1. ಮೂರು ವರ್ಷದಲ್ಲಿ ಎರಡನೇ ಯುರೋಪ್ ಕಿರೀಟ. ಆಮೇಲೆ ಯುರೋಪಿಯನ್ ಸೂಪರ್ ಕಪ್, ಯೊಕೊಹಾಮಾದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್, ಕೊನೆಗೆ 2003ರ ಲೀಗ್.

ಈಗ ಆ ಜೂನ್ ತಿಂಗಳಿಗೆ ವಾಪಸ್ ಬನ್ನಿ. ಲೀಗ್‌ನ ಕೊನೇ ಪಂದ್ಯಕ್ಕೆ ಐದು ದಿನ ಮುಂಚೆ, ಜೂನ್ 17ರಂದು, ಡೇವಿಡ್ ಬೆಕಮ್ ಬರ್ತಿದ್ದಾರೆ ಅನ್ನೋ ಘೋಷಣೆ ಆಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಫುಟ್‌ಬಾಲ್ ಆಟಗಾರ. ಅಂಥವರ ಪಕ್ಕದಲ್ಲಿ ಈ ಮೀಸೆ ಮೇಷ್ಟ್ರು ನಿಂತರೆ ಪೋಸ್ಟರ್ ಚೆನ್ನಾಗಿ ಬರಲ್ಲ ಅಂತ ಯಾರಿಗೋ ಅನ್ನಿಸಿರಬೇಕು! ಮ್ಯಾಂಚೆಸ್ಟರ್‌ನಲ್ಲಿ ಅಲೆಕ್ಸ್ ಫರ್ಗುಸನ್‌ಗೆ ಸಹಾಯಕರಾಗಿದ್ದ ಕಾರ್ಲೊಸ್ ಕೇರೊಸ್ ಅವರನ್ನು ಕರೆತಂದರು. ಓದಿಕೊಂಡವರು, ಸೂಟು ಚೆನ್ನಾಗಿ ಒಪ್ಪುತ್ತಿತ್ತು.

ಅದೇ ಬೇಸಿಗೆಯಲ್ಲಿ ಮಕೆಲೆಲೆ ಸಂಬಳ ಹೆಚ್ಚು ಕೇಳಿದ. ಸಹ ಆಟಗಾರರು, ಕೊಡಿ, ಆತ ಬೇಕು ಅಂದರು. ಕ್ಲಬ್ ಕೊಡಲಿಲ್ಲ. ಆತನ ಪಾಸ್‌ಗಳೆಲ್ಲ ಹಿಂದಕ್ಕೋ ಪಕ್ಕಕ್ಕೋ ಹೋಗುತ್ತವೆ, ಆತ ಹೋದರೆ ಯಾರಿಗೂ ನೆನಪೂ ಆಗಲ್ಲ ಅನ್ನೋ ಧಾಟಿಯಲ್ಲಿ ಪೆರೆಸ್ ಮಾತಾಡಿದರು. ಮಕೆಲೆಲೆ ಚೆಲ್ಸಿಗೆ ಹೋದ.

ಆಮೇಲೆ ಏನಾಯ್ತು ಗೊತ್ತಾ? 2003-04ರ ಋತುವಿನಲ್ಲಿ ಮ್ಯಾಡ್ರಿಡ್ ಲೀಗ್‌ನ ಕೊನೆಯ ಐದೂ ಪಂದ್ಯ ಸೋತಿತು. ನಾಲ್ಕನೇ ಸ್ಥಾನ. ಕಪ್ ಫೈನಲ್‌ನಲ್ಲಿ ಸರಗೋಸಾ ಎದುರು ಸೋಲು. ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಮೊನಾಕೊ ಎದುರು ಸೋಲು. ಆ ಮೊನಾಕೊ ಪರ ಗೋಲ್ ಹೊಡೆದವನು ಮೊರಿಯೆಂಟೆಸ್, ಮ್ಯಾಡ್ರಿಡ್ಡೇ ಎರವಲು ಕೊಟ್ಟಿದ್ದ ಆಟಗಾರ! ಕೇರೊಸ್ ಒಂದೇ ವರ್ಷಕ್ಕೆ ಹೋದರು. ಕಮಾಚೊ ಬಂದರು, ಹೋದರು. ಗಾರ್ಸಿಯಾ ರೆಮೊನ್, ಲಕ್ಸೆಂಬರ್ಗೊ, ಲೊಪೆಸ್ ಕಾರೊ... ಬಸ್ ನಿಲ್ದಾಣದ ಥರ. 2006ರ ಫೆಬ್ರವರಿಯಲ್ಲಿ ಸ್ವತಃ ಪೆರೆಸ್ ರಾಜೀನಾಮೆ ಕೊಟ್ಟರು. ಲೀಗ್ ಮತ್ತೆ ಬಂದದ್ದು 2007ಕ್ಕೆ. ಚಾಂಪಿಯನ್ಸ್ ಲೀಗ್ 2014ಕ್ಕೆ. ಪೆರೆಸ್ ಅಷ್ಟರಲ್ಲಿ ಮರಳಿ ಅಧ್ಯಕ್ಷರಾಗಿದ್ದರು, ಆಮೇಲೆ ಒಂದರ ಮೇಲೊಂದು ಯುರೋಪ್ ಕಪ್ ಗೆದ್ದರು, ಅದನ್ನೂ ಹೇಳಬೇಕು. ಆದರೆ 2003ರ ಆ ನಿರ್ಧಾರದ ಬೆಲೆ ಹನ್ನೊಂದು ವರ್ಷ ತೆತ್ತರು ಅನ್ನೋದು ನನ್ನ ಲೆಕ್ಕ.

ಮತ್ತೆ ನಮ್ಮ ಮೇಷ್ಟ್ರು? ಟರ್ಕಿಯ ಬೆಶಿಕ್ತಾಶ್ ತಂಡಕ್ಕೆ ಹೋದರು. ಅಲ್ಲಿ ಕೆಲಸ ಹಿಡಿಯಲಿಲ್ಲ. 2005ರ ಜನವರಿಯಲ್ಲಿ ಅಲ್ಲಿಂದಲೂ ಕಳಿಸಿದರು. ಅಲ್ಲಿಂದ ಮೂರೂವರೆ ವರ್ಷ ತರಬೇತುದಾರನ ಕುರ್ಚಿ ಸಿಗಲಿಲ್ಲ. 54 ವಯಸ್ಸು. ಕಥೆ ಮುಗೀತು ಅಂತಲೇ ಎಲ್ಲರೂ ಅಂದುಕೊಂಡರು.

ಈಗ ಸ್ವಲ್ಪ ಸ್ಪೇನ್ ದೇಶದ ತಂಡದ ಕಡೆ ಬನ್ನಿ. ಜಗತ್ತಿನ ಅತಿ ದೊಡ್ಡ ಕ್ಲಬ್‌ಗಳಿದ್ದ ದೇಶ, ಆದರೆ ರಾಷ್ಟ್ರೀಯ ತಂಡ 1964ರ ಯುರೋ ಕಪ್ ಬಿಟ್ಟರೆ ಏನೂ ಗೆದ್ದಿರಲಿಲ್ಲ. ಪ್ರತಿ ವಿಶ್ವಕಪ್‌ಗೂ ದೊಡ್ಡ ಹೆಸರು ಹೊತ್ತು ಹೋಗೋದು, ಕ್ವಾರ್ಟರ್ ಫೈನಲ್ ಆಸುಪಾಸಿನಲ್ಲಿ ವಾಪಸ್ ಬರೋದು. ಇದನ್ನು ಬದಲಿಸಿದವರು ಡೆಲ್ ಬೋಸ್ಕೆ ಅಲ್ಲ. ಆ ಕೀರ್ತಿ ಲೂಯಿಸ್ ಅರಗೊನೆಸ್ ಅವರಿಗೆ ಹೋಗಬೇಕು. ಮುಂಗೋಪಿ ಮುದುಕ. ಮ್ಯಾಡ್ರಿಡ್‌ನ ಆರಾಧ್ಯದೈವ ರೌಲ್‌ನನ್ನೇ ತಂಡದಿಂದ ಹೊರಗಿಟ್ಟು, ಶಾವಿ, ಇನಿಯೆಸ್ತಾರಂಥ ಕುಳ್ಳ ಹುಡುಗರ ಕಾಲಿಗೆ ಚೆಂಡು ಕೊಟ್ಟು, ಎದುರಾಳಿಗೆ ಚೆಂಡೇ ಸಿಗದ ಹಾಗೆ ಆಡಿಸಿದರು. 2008ರ ಯುರೋ ಕಪ್ ಫೈನಲ್‌ನಲ್ಲಿ ಜರ್ಮನಿ ವಿರುದ್ಧ 1-0. 44 ವರ್ಷದ ಬರಗಾಲ ಮುಗಿಯಿತು. ಕಪ್ ಎತ್ತಿ ಅರಗೊನೆಸ್ ಹೊರಟರು, ಡೆಲ್ ಬೋಸ್ಕೆ ಬಂದರು.

ಗೆದ್ದ ತಂಡ ಕೈಗೆ ಸಿಕ್ಕರೆ ಸುಲಭ ಅಂತೀರಾ? ಗೆದ್ದ ಸರ್ಕಾರದ ಉತ್ತರಾಧಿಕಾರಿಯನ್ನು ಕೇಳಿ ನೋಡಿ. ಹೊಸಬ ಬಂದರೆ ಮೊದಲು ಮಾಡೋದೇನು? ಹಿಂದಿನವರ ಯೋಜನೆಗೆ ಹೆಸರು ಬದಲಿಸೋದು, ತಮ್ಮ ಮುದ್ರೆ ಒತ್ತೋದು. ಇವರು ಅದನ್ನು ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಇಟ್ಟರು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಹತ್ತಕ್ಕೆ ಹತ್ತು ಗೆಲುವು.

ಬದಲಿಸಿದ್ದು ಒಂದೇ. ಮಿಡ್‌ಫೀಲ್ಡ್‌ನಲ್ಲಿ ಶಾವಿಯ ಹಿಂದೆ ಒಬ್ಬರ ಜಾಗದಲ್ಲಿ ಇಬ್ಬರನ್ನು ನಿಲ್ಲಿಸಿದರು. ಶಾಬಿ ಅಲೊನ್ಸೊ ಮತ್ತು ಬಾರ್ಸಿಲೋನಾದ ಎಳೆ ಹುಡುಗ ಸೆರ್ಜಿಯೊ ಬುಸ್ಕೆಟ್ಸ್. ನೋಡಿ, ಮತ್ತೆ ಬೇರಿಂಗ್! ಮಕೆಲೆಲೆಯನ್ನು ಮಾರಿದವರಿಗೆ ಅರ್ಥವಾಗದ್ದನ್ನು ಈ ಮನುಷ್ಯ ಮರೆತಿರಲಿಲ್ಲ.

2010ರ ಜೂನ್ 16, ದಕ್ಷಿಣ ಆಫ್ರಿಕಾದ ಡರ್ಬನ್. ಸ್ಪೇನ್‌ನ ಮೊದಲ ಪಂದ್ಯ ಸ್ವಿಟ್ಜರ್ಲೆಂಡ್ ಎದುರು. ಇಡೀ ಪಂದ್ಯ ಚೆಂಡು ಸ್ಪೇನ್ ಹತ್ತಿರ. 52ನೇ ನಿಮಿಷ ಗೊಂದಲದಲ್ಲಿ ಗೆಲ್ಸನ್ ಫೆರ್ನಾಂಡೆಸ್ ಒಂದು ಗೋಲ್ ತಳ್ಳಿದ. 0-1. ಸ್ಪೇನ್ ಸೋತಿತು!

ಆ ರಾತ್ರಿ ಸ್ಪೇನ್‌ನ ಸ್ಟುಡಿಯೋಗಳು ಹೇಗಿದ್ದಿರಬಹುದು ಅಂತ ನಾನು ಚೆನ್ನಾಗೇ ಊಹಿಸಬಲ್ಲೆ. ಭಾರತ ಒಂದು ಮ್ಯಾಚ್ ಸೋತ ರಾತ್ರಿ ನಮ್ಮ ಸ್ಟುಡಿಯೋ ಹೇಗಿರುತ್ತೋ ಹಾಗೆ. ಇಬ್ಬರು ಯಾಕೆ? ಬುಸ್ಕೆಟ್ಸ್ ಯಾಕೆ? ತೆಗೀರಿ ಅವನನ್ನ! ಅರಗೊನೆಸ್ ಕೂಡ ಟೀಕೆಗೆ ಇಳಿದರು. ಅವರು ಕಟ್ಟಿದ ತಂಡ, ಅವರ ಮಾತಿಗೆ ತೂಕ ಜಾಸ್ತಿ. ಡೆಲ್ ಬೋಸ್ಕೆ ಉತ್ತರ ಏನು? ನಾನು ಮತ್ತೆ ಆಟಗಾರ ಆಗೋದಾದರೆ ಬುಸ್ಕೆಟ್ಸ್ ಥರ ಆಗೋಕೆ ಇಷ್ಟಪಡ್ತೀನಿ ಅಂದರು. ಅಷ್ಟೇ. ಮುಂದಿನ ಪಂದ್ಯಕ್ಕೂ ಅದೇ ಜೋಡಿ, ಅದರ ಮುಂದಿನದಕ್ಕೂ ಅದೇ ಜೋಡಿ, ಫೈನಲ್‌ಗೂ ಅದೇ ಜೋಡಿ.

ಹಾಗಂತ ಅವರು ಹಟಮಾರಿ ಅಲ್ಲ. ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದ ಫೆರ್ನಾಂಡೊ ಟೊರೆಸ್‌ಗೆ ಲಯ ಸಿಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಯುರೋ ಫೈನಲ್ ಗೆಲ್ಲಿಸಿದ ಹೀರೊ. ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಅವನನ್ನು ಕೂರಿಸಿ ಪೆಡ್ರೊನನ್ನು ಇಳಿಸಿದರು. ಗಲಾಟೆ ಇಲ್ಲ, ಪತ್ರಿಕಾ ಹೇಳಿಕೆ ಇಲ್ಲ. ಪುಯೋಲ್ ತಲೆಯಿಂದ ಹೊಡೆದ ಗೋಲಿನಿಂದ 1-0.

ಆ ವಿಶ್ವಕಪ್‌ನಲ್ಲಿ ಸ್ಪೇನ್ ಏಳು ಪಂದ್ಯದಲ್ಲಿ ಹೊಡೆದದ್ದು ಬರೀ ಎಂಟು ಗೋಲ್. ಪೋರ್ಚುಗಲ್ ವಿರುದ್ಧ 1-0, ಪರಾಗ್ವೆ ವಿರುದ್ಧ 1-0, ಜರ್ಮನಿ ವಿರುದ್ಧ 1-0. ಇಷ್ಟು ಕಡಿಮೆ ಗೋಲ್ ಹೊಡೆದು ವಿಶ್ವಕಪ್ ಗೆದ್ದ ತಂಡ ಇನ್ನೊಂದಿಲ್ಲ. ಮೊದಲ ಪಂದ್ಯ ಸೋತು ಗೆದ್ದ ತಂಡ ಅದಕ್ಕೆ ಮುಂಚೆ ಇರಲೇ ಇಲ್ಲ. ನಮ್ಮ ಚಾನೆಲ್‌ಗಳು ಆಗ ಏನು ತೋರಿಸ್ತಿದ್ದವು? ಜರ್ಮನಿಯ ಪಾಲ್ ಅನ್ನೋ ಆಕ್ಟೋಪಸ್ ಯಾವ ಡಬ್ಬಿ ಮೇಲೆ ಕೂತಿತು ಅಂತ! ನಗಬೇಡಿ, ಸ್ಪೇನ್ ಗೆಲ್ಲುತ್ತೆ ಅಂತ ಅದೂ ಸರಿಯಾಗೇ ಹೇಳಿತ್ತು.

ಜುಲೈ 11, ಜೊಹಾನ್ಸ್‌ಬರ್ಗ್. ಎದುರಾಳಿ ನೆದರ್ಲೆಂಡ್ಸ್. ಡಚ್ಚರು ಆಡೋಕೆ ಬಂದಿರಲಿಲ್ಲ, ಒದೆಯೋಕೆ ಬಂದಿದ್ದರು. ಡಿ ಯಾಂಗ್ ಕಾಲು ಸೀದಾ ಶಾಬಿ ಅಲೊನ್ಸೊ ಎದೆಗೆ ಬಡಿಯಿತು, ಕೆಂಪು ಕಾರ್ಡ್ ಕೂಡ ಬರಲಿಲ್ಲ. ರೊಬೆನ್ ಒಬ್ಬನೇ ಚೆಂಡು ಹಿಡಿದು ನುಗ್ಗಿದಾಗ ಗೋಲ್‌ಕೀಪರ್ ಕಸಿಯಾಸ್ ಕಾಲ ತುದಿಯಲ್ಲಿ ತಡೆದ. 90 ನಿಮಿಷ ಮುಗಿಯಿತು, ಗೋಲಿಲ್ಲ. ಹೆಚ್ಚುವರಿ ಸಮಯ. ಡೆಲ್ ಬೋಸ್ಕೆ ಬದಲಿಯಾಗಿ ಇಳಿಸಿದ್ದು ಮೂವರನ್ನು: ನವಾಸ್, ಫ್ಯಾಬ್ರೆಗಾಸ್, ಟೊರೆಸ್. 116ನೇ ನಿಮಿಷ. ತನ್ನ ಅಂಗಳದಿಂದ ಚೆಂಡು ಹಿಡಿದು ಓಟ ಶುರು ಮಾಡಿದವನು ನವಾಸ್. ಎಡದಿಂದ ಚೆಂಡು ಒಳಗೆ ತೂರಿದವನು ಟೊರೆಸ್. ಡಚ್ಚರ ಕಾಲಿಗೆ ಬಡಿದು ಬಂದದ್ದನ್ನು ಇನಿಯೆಸ್ತಾಗೆ ಕೊಟ್ಟವನು ಫ್ಯಾಬ್ರೆಗಾಸ್. ಮೂವರೂ ಬದಲಿ ಆಟಗಾರರು ಮುಟ್ಟಿದ ಚೆಂಡು! ಇನಿಯೆಸ್ತಾ ಹೊಡೆದ. ಗೋಲ್. ಬೆಂಚಿನಲ್ಲಿ ಎಲ್ಲರೂ ಹುಚ್ಚೆದ್ದು ಓಡುತ್ತಿದ್ದರೆ ಮೇಷ್ಟ್ರು ಮಾತ್ರ ಪರೀಕ್ಷೆ ಹಾಲ್‌ನಲ್ಲಿ ಇನ್ನೂ ನಾಲ್ಕು ನಿಮಿಷ ಇದೆ ಅನ್ನೋ ಮುಖದಲ್ಲಿದ್ದರು.

ಮ್ಯಾಡ್ರಿಡ್‌ಗೆ ತಂಡ ವಾಪಸ್ ಬಂದಾಗಿನ ಸಂಭ್ರಮದಲ್ಲಿ ಒಂದು ಚಿತ್ರ ಇದೆ. ಮೇಷ್ಟ್ರ ಮಗ ವಿಶ್ವಕಪ್ ಹಿಡಿದುಕೊಂಡು ನಗುತ್ತಿರುವುದು. ಆ ಮಗನಿಗೆ ಡೌನ್ ಸಿಂಡ್ರೋಮ್ ಇದೆ. ಡೆಲ್ ಬೋಸ್ಕೆ ಇದನ್ನು ಮುಚ್ಚಿಟ್ಟವರಲ್ಲ. ಹುಟ್ಟಿದಾಗ ಗಂಡ ಹೆಂಡತಿ ಬಹಳ ಅತ್ತೆವು, ನಮಗೇ ಯಾಕೆ ಅಂದುಕೊಂಡೆವು, ಈಗ ಹಿಂದಿರುಗಿ ನೋಡಿದರೆ ಎಂಥ ದಡ್ಡರಾಗಿದ್ದೆವು ಅನ್ನಿಸುತ್ತೆ ಅಂತ ಅವರೇ ಬಹಿರಂಗವಾಗಿ ಹೇಳಿದ್ದಾರೆ. ನಮ್ಮಲ್ಲಿ ಇಂಥ ಮಕ್ಕಳನ್ನು ನೆಂಟರು ಬಂದರೆ ಒಳಕೋಣೆಗೆ ಕಳಿಸುವ ಮನೆಗಳನ್ನು ನಾನು ನೋಡಿದ್ದೇನೆ. ಅದಕ್ಕೇ ಆ ಚಿತ್ರ ನನಗೆ ಗೋಲಿಗಿಂತ ಹೆಚ್ಚು ನೆನಪಿರೋದು.

2011ರ ಫೆಬ್ರವರಿ. ದೊರೆ ಹುವಾನ್ ಕಾರ್ಲೊಸ್ ಅವರು ಡೆಲ್ ಬೋಸ್ಕೆಗೆ ‘ಮಾರ್ಕ್ವಿಸ್’ ಪದವಿ ಕೊಟ್ಟರು. ವಂಶಪಾರಂಪರ್ಯವಾಗಿ ಬರುವ ಕುಲೀನ ಪದವಿ. ಅದೇ ಹೊತ್ತಿಗೆ ನೊಬೆಲ್ ಗೆದ್ದಿದ್ದ ಲೇಖಕ ಮಾರಿಯೊ ವರ್ಗಾಸ್ ಲೋಸಾಗೂ ಕೊಟ್ಟರು. ಒಂದು ಕ್ಷಣ ನಿಲ್ಲಿ. ರಾಜಪ್ರಭುತ್ವ ಬೇಡ, ಗಣರಾಜ್ಯ ಬೇಕು ಅಂದ ಪಕ್ಷದಲ್ಲಿ ನಿಂತು ಸೆರೆ ಸೇರಿದ್ದ ರೈಲ್ವೆ ನೌಕರ. ಅವರ ಮಗನಿಗೆ ರಾಜನ ಕೈಯಿಂದ ಪದವಿ. ಆ ರಾಜನನ್ನು ಉತ್ತರಾಧಿಕಾರಿ ಅಂತ ಹೆಸರಿಸಿದ್ದು ಯಾರು? ಫ್ರಾಂಕೊ! ಇತಿಹಾಸ ಕೆಲವೊಮ್ಮೆ ಕಾದಂಬರಿಕಾರರಿಗೆ ಕೆಲಸ ಉಳಿಸಲ್ಲ.

ಆದರೆ ಅವರ ನಿಜವಾದ ಪರೀಕ್ಷೆ ಅದೇ ವರ್ಷ ಬಂತು. ಮ್ಯಾಡ್ರಿಡ್‌ನಲ್ಲಿ ಜೋಸ್ ಮೊರಿನ್ಯೊ, ಬಾರ್ಸಿಲೋನಾದಲ್ಲಿ ಪೆಪ್ ಗಾರ್ಡಿಯೊಲಾ. 2011ರ ಏಪ್ರಿಲ್-ಮೇನಲ್ಲಿ 18 ದಿನದೊಳಗೆ ಎರಡೂ ತಂಡ ನಾಲ್ಕು ಸಲ ಎದುರಾದವು. ಒದೆತ, ಬೈಗುಳ, ಕೆಂಪು ಕಾರ್ಡು. ಆಗಸ್ಟ್‌ನಲ್ಲಿ ಮೊರಿನ್ಯೊ ಎದುರು ತಂಡದ ಸಹಾಯಕ ಕೋಚ್‌ನ ಕಣ್ಣಿಗೇ ಬೆರಳು ಹಾಕಿದರು. ಸ್ಪೇನ್ ತಂಡ ಅಂದರೆ ಇದೇ ಎರಡು ಕ್ಲಬ್‌ನ ಹುಡುಗರು. ಭಾನುವಾರ ಹೊಡೆದಾಡಿದವರು ಬುಧವಾರ ಒಂದೇ ಜೆರ್ಸಿ ಹಾಕಬೇಕು. ಮ್ಯಾಡ್ರಿಡ್‌ನ ನಾಯಕ ಕಸಿಯಾಸ್ ತಾನೇ ಫೋನ್ ಎತ್ತಿ ಬಾರ್ಸಿಲೋನಾದ ಶಾವಿ ಮತ್ತು ಪುಯೋಲ್ ಜೊತೆ ಮಾತಾಡಿದ. ಇದರಿಂದ ಮೊರಿನ್ಯೊಗೆ ಕೋಪ ಬಂತು, ಮುಂದೆ ಕಸಿಯಾಸ್ ಬೆಂಚಿಗೆ ಹೋಗಬೇಕಾಯಿತು. ಡೆಲ್ ಬೋಸ್ಕೆ ಮಾತ್ರ ಅವನನ್ನು ಕೈಬಿಡಲಿಲ್ಲ. ಯಾರ ಪರವೂ ಹೇಳಿಕೆ ಕೊಡಲಿಲ್ಲ, ಎರಡೂ ಕಡೆಯವರನ್ನು ಒಂದೇ ಊಟದ ಮೇಜಿನಲ್ಲಿ ಕೂರಿಸಿದರು.

2012ರ ಯುರೋ ಕಪ್. ಗಾಯದಿಂದ ಡೇವಿಡ್ ವಿಯಾ ಇಲ್ಲ, ಟೊರೆಸ್ ಲಯದಲ್ಲಿಲ್ಲ. ಹಾಗಾದರೆ ಸ್ಟ್ರೈಕರ್ ಯಾರು? ಯಾರೂ ಇಲ್ಲ! ಇಟಲಿ ವಿರುದ್ಧ ಮೊದಲ ಪಂದ್ಯಕ್ಕೆ ಆರು ಜನ ಮಿಡ್‌ಫೀಲ್ಡರ್‌ಗಳನ್ನು ಇಳಿಸಿದರು. ಫ್ಯಾಬ್ರೆಗಾಸ್ ಸುಳ್ಳು ಸ್ಟ್ರೈಕರ್. ಬೋರಿಂಗ್, ನಿದ್ದೆ ಬರುತ್ತೆ ಅಂತ ಯುರೋಪಿನ ಪತ್ರಿಕೆಗಳು ಬೈದವು. ‘ಹಳೇ ಕಾಲದ’ ತರಬೇತುದಾರ ಮಾಡಿದ ಪ್ರಯೋಗಕ್ಕೆ ‘ತೀರಾ ಹೊಸದು’ ಅನ್ನೋ ಟೀಕೆ. ಜುಲೈ 1, ಕೀವ್. ಅದೇ ಇಟಲಿ ಎದುರು ಫೈನಲ್‌ನಲ್ಲಿ 4-0. ಸತತ ಮೂರು ದೊಡ್ಡ ಟೂರ್ನಿ ಗೆದ್ದ ಮೊದಲ ಯುರೋಪಿಯನ್ ತಂಡ. ವಿಶ್ವಕಪ್, ಯುರೋ, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದ ಮೊದಲ ತರಬೇತುದಾರ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕು. ಅವರ ಗುಣವೇ ಅವರಿಗೆ ಮುಳುವಾಯಿತು. ತನ್ನ ನಿಷ್ಠೆಗೆ ಸಿಕ್ಕ ಉತ್ತರವನ್ನು 2003ರಲ್ಲಿ ಕಂಡಿದ್ದ ಮನುಷ್ಯ, ತನ್ನ ಹುಡುಗರಿಗೆ ಹಾಗೆ ಮಾಡೋಕೆ ಕೈ ಬರಲಿಲ್ಲ. 2014ರ ವಿಶ್ವಕಪ್‌ಗೆ ಹೋದ 23 ಜನರಲ್ಲಿ 16 ಜನ 2010ರವರೇ. ದಣಿದ ಕಾಲುಗಳು. ಜೂನ್ 13ರಂದು ಅದೇ ನೆದರ್ಲೆಂಡ್ಸ್ ಎದುರು 1-5. ಐದು ದಿನ ಬಿಟ್ಟು ಚಿಲಿ ಎದುರು 0-2. ಹಾಲಿ ಚಾಂಪಿಯನ್ ಎರಡೇ ಪಂದ್ಯಕ್ಕೆ ಔಟ್! ಆ ಜೂನ್ 18ರಂದೇ ಮ್ಯಾಡ್ರಿಡ್‌ನ ಅರಮನೆಯಲ್ಲಿ ದೊರೆ ಹುವಾನ್ ಕಾರ್ಲೊಸ್ ಸಿಂಹಾಸನ ತ್ಯಜಿಸುವ ಕಾನೂನಿಗೆ ಸಹಿ ಹಾಕಿದರು. ಪದವಿ ಕೊಟ್ಟವರು, ಪಡೆದವರು, ಇಬ್ಬರ ಕಿರೀಟವೂ ಒಂದೇ ದಿನ ಇಳಿಯಿತು. ಆಗಲೇ ಅವರು ಹೊರಡಬೇಕಿತ್ತು, ಹೊರಡಲಿಲ್ಲ. 2016ರ ಯುರೋದಲ್ಲಿ ಇಟಲಿ 2-0ರಿಂದ ಹೊರಹಾಕಿದ ಮೇಲೆ ಕುರ್ಚಿ ಬಿಟ್ಟರು. 114 ಪಂದ್ಯ, 87 ಗೆಲುವು.

ಶಾವಿ, ಇನಿಯೆಸ್ತಾ ಇದ್ದರೆ ಯಾರು ಬೇಕಾದರೂ ಗೆಲ್ತಿದ್ರು ಅನ್ನೋ ವಾದ ಇವತ್ತಿಗೂ ಇದೆ. ಜಿದಾನ್, ಫಿಗೊ ಇದ್ದಾಗಲೂ ಇದೇ ಮಾತು ಹೇಳಿದ್ದರು. ಹೇಳಿದವರೇ ಆಮೇಲೆ ಅದೇ ಆಟಗಾರರ ಜೊತೆಗೆ ಬೆಕಮ್‌ನನ್ನೂ ಸೇರಿಸಿಕೊಂಡು ಕೊನೆಯ ಐದೂ ಪಂದ್ಯ ಸೋತು ತೋರಿಸಿದರು. ಸ್ಪೇನ್‌ನ ಆ ಶೈಲಿ ನಮ್ಮವರೆಗೂ ಬಂತು ಬಿಡಿ, ಬೆಂಗಳೂರು ಎಫ್‌ಸಿ ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾದ್ರತ್ ಅಂತ ಒಬ್ಬರ ಹಿಂದೆ ಒಬ್ಬರು ಸ್ಪೇನ್‌ನವರನ್ನೇ ಕರೆತಂದು 2019ರಲ್ಲಿ ಐಎಸ್‌ಎಲ್ ಗೆದ್ದದ್ದು ಕಂಠೀರವದಲ್ಲಿ ಕೂಗಿದವರಿಗೆಲ್ಲ ನೆನಪಿದೆ.

ಕೊನೆಯದಾಗಿ ಒಂದು ಸುದ್ದಿ. 2023ರಲ್ಲಿ ಸ್ಪೇನ್ ಮಹಿಳಾ ತಂಡ ವಿಶ್ವಕಪ್ ಗೆದ್ದ ವೇದಿಕೆಯಲ್ಲೇ ಆಟಗಾರ್ತಿಗೆ ಬಲವಂತವಾಗಿ ಮುತ್ತಿಟ್ಟ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ರುಬಿಯಾಲೆಸ್ ರಾಜೀನಾಮೆ ಕೊಡಬೇಕಾಯಿತು. ಹಿಂದೆಯೇ ಭ್ರಷ್ಟಾಚಾರದ ತನಿಖೆ, ಪೊಲೀಸರ ದಾಳಿ. ಒಕ್ಕೂಟದ ಮಾನ ಬೀದಿಗೆ ಬಂತು. 2024ರ ಏಪ್ರಿಲ್‌ನಲ್ಲಿ ಸ್ಪೇನ್ ಸರ್ಕಾರ ಒಕ್ಕೂಟದ ಮೇಲೆ ಕಣ್ಣಿಡೋಕೆ ಒಂದು ಸಮಿತಿ ಮಾಡಿತು. ಜನ ನಂಬುವ ಒಂದು ಮುಖ ಬೇಕಿತ್ತು, ಅಧ್ಯಕ್ಷರನ್ನಾಗಿ ಕರೆದದ್ದು 73 ವರ್ಷದ ಡೆಲ್ ಬೋಸ್ಕೆ ಅವರನ್ನು. ಮೇಷ್ಟ್ರಿಗೆ ಮತ್ತೊಂದು ಪ್ರಭಾರ. ಬೇಡ ಅನ್ನಲಿಲ್ಲ, ಹೋದರು.